ಪಗಾರ ಬೆಲೆಯೇರಿಕೆಗೆ ಸಮನಾಗಿ ಏರಿದೆಯೇ? ನೀವೇ ಲೆಕ್ಕ ಹಾಕಿ ನೋಡಿ

ಕುರ್ಲಾದ ವರ್ಕ್‌ಶಾಪ್ ಇರಲಿ, ಡೊಂಬಿವಲಿಯ ಹೋಟೆಲ್ ಇರಲಿ, ಪುಣೆಯ ಕಟ್ಟಡದ ಸೈಟ್ ಇರಲಿ, ನಮ್ಮ ಕನ್ನಡದವರು ದುಡಿಯುವ ಕಡೆಯಲ್ಲೆಲ್ಲ ವರ್ಷಕ್ಕೆ ಎರಡು ಸಲ ಒಂದೇ ಮಾತು: "ಈ ಸಲ ಸ್ವಲ್ಪ ಜಾಸ್ತಿ ಕೊಟ್ಟರು." ನಿಜವಾಗಿಯೂ ಜಾಸ್ತಿಯೋ, ಮೊದಲಿದ್ದಷ್ಟೇ ಆಯಿತೋ ಎಂದು ಲೆಕ್ಕ ಹಾಕುವವರು ಕಡಿಮೆ. ಹಾಕುವವರೂ ಸಾಮಾನ್ಯವಾಗಿ ಒಂದೇ ಜಾಗದಲ್ಲಿ ಎಡವುತ್ತಾರೆ. ಅದು ಮೂರನೇ ಹಂತ. ಉಳಿದದ್ದೆಲ್ಲ ಸುಲಭ.

ಹಂತ 1: ಎರಡು ಸಾಲು ಕೂಡಿಸಿ

ಪೇ ಸ್ಲಿಪ್‌ನಲ್ಲಿ ಬೇಸಿಕ್ ಮತ್ತು ವಿಶೇಷ ಭತ್ತೆ ಎಂಬ ಎರಡು ಸಾಲು ಹುಡುಕಿ, ಕೂಡಿಸಿ. ವಿಶೇಷ ಭತ್ತೆ ಎಂದರೆ ಬೆಲೆ ಏರಿದಂತೆ ಏರುವ ಪಾಲು, ನಾವು ಡಿಎ ಎನ್ನುವುದೇ. ಕೈಗೆ ಬಂದ ಹಣವನ್ನು ಹಿಡಿಯಬೇಡಿ, ಅದರಲ್ಲಿ ಪಿಎಫ್, ಇಎಸ್‌ಐ ಕಡಿತವಾಗಿರುತ್ತದೆ. ಸಿಟಿಸಿ, ಅಂದರೆ ನಿಮ್ಮ ಮೇಲೆ ಮಾಲೀಕ ಮಾಡುವ ಒಟ್ಟು ಖರ್ಚಿನ ಅಂಕಿ, ಅಂತೂ ಬೇಡವೇ ಬೇಡ. ಮಾಲೀಕ ತನ್ನ ಪಾಲಿನಿಂದ ಕಟ್ಟುವ ಪಿಎಫ್, ಬೋನಸ್ ಎಲ್ಲವನ್ನೂ ಅದರಲ್ಲಿ ತುಂಬಿಸಿ "ನಿನಗೆ ಕನಿಷ್ಠ ವೇತನಕ್ಕಿಂತ ಮೇಲೇ ಬರುತ್ತಿದೆ" ಎನ್ನುವ ಠೇಕೆದಾರರಿದ್ದಾರೆ. ಸ್ಲಿಪ್‌ನಲ್ಲಿ "ಕನ್ಸಾಲಿಡೇಟೆಡ್" ಎಂಬ ಒಂದೇ ಸಾಲಿದ್ದರೆ ಬೇಸಿಕ್ ಎಷ್ಟು, ಭತ್ತೆ ಎಷ್ಟು ಎಂದು ಬಿಡಿಸಿ ಬರೆಸಿಕೊಳ್ಳಿ. ಒಂದೇ ಸಾಲಿನ ಪಗಾರದಲ್ಲಿ ಭತ್ತೆ ಏರಿತೋ ಇಲ್ಲವೋ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಅದಕ್ಕೇ ಹಾಗೆ ಕೊಡುತ್ತಾರೆ.

ಹಂತ 2: ದರಪಟ್ಟಿ

ಮಹಾರಾಷ್ಟ್ರದಲ್ಲಿ ವಿಶೇಷ ಭತ್ತೆ ವರ್ಷಕ್ಕೆ ಎರಡು ಸಲ ಬದಲಾಗುತ್ತದೆ, ಜನವರಿ 1ಕ್ಕೆ ಮತ್ತು ಜುಲೈ 1ಕ್ಕೆ. ಕನಿಷ್ಠ ವೇತನದ ದರಪಟ್ಟಿ ಕಾಮಗಾರ ಆಯುಕ್ತರ (ಲೇಬರ್ ಕಮಿಷನರ್) ವೆಬ್‌ಸೈಟಿನಲ್ಲಿ ಸಿಗುತ್ತದೆ. ನೋಡಬೇಕಾದದ್ದು ಮೂರು: ನಿಮ್ಮ ಉದ್ದಿಮೆ, ಊರಿನ ಪರಿಮಂಡಲ (ಝೋನ್), ನೀವು ಕುಶಲರೋ, ಅರ್ಧಕುಶಲರೋ, ಅಕುಶಲರೋ ಎಂಬುದು. ಅಂಗಡಿಯ ದರ ಬೇರೆ, ಹೋಟೆಲಿನದು ಬೇರೆ. ತಿಂಗಳ ದರವನ್ನು 26ರಿಂದ ಭಾಗಿಸಿದರೆ ದಿನದ ಕೂಲಿ, 30ರಿಂದ ಅಲ್ಲ. ವಾಟ್ಸ್ಯಾಪ್‌ನಲ್ಲಿ ಓಡಾಡುವ ಪಟ್ಟಿಯ ಫೋಟೋಗಳನ್ನು ನಂಬಬೇಡಿ. ಹಳೆಯ ಅರ್ಧವರ್ಷದ ಪಟ್ಟಿಗೆ ಹೊಸ ತಾರೀಕು ಹಾಕಿ ಕಳಿಸುವ ಪುಣ್ಯಾತ್ಮರಿದ್ದಾರೆ.

ಆದೇಶ ತಡವಾಗಿ ಬಂದರೂ ದರ ಆ ಜನವರಿ ಅಥವಾ ಜುಲೈ 1ರಿಂದಲೇ ಲಾಗೂ. ನಡುವಿನ ತಿಂಗಳ ವ್ಯತ್ಯಾಸವನ್ನು ಬಾಕಿಯಾಗಿ ಕೇಳಿ ಪಡೆಯಿರಿ.

ಹಂತ 3: ಬೆಲೆಯ ಜೊತೆ ಹೋಲಿಸುವುದು

ಇಲ್ಲಿ ನಿಧಾನ. ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕ ಎಂಬುದೊಂದಿದೆ, ದುಡಿಯುವವರ ಮನೆಯ ಖರ್ಚಿನ ಬೆಲೆ ಎಷ್ಟು ಏರಿತು ಎಂದು ತೋರಿಸುವ ಅಂಕಿ. ಕೇಂದ್ರದ ಲೇಬರ್ ಬ್ಯೂರೋ 88 ಕೇಂದ್ರಗಳಲ್ಲಿ ಬೆಲೆ ಸಂಗ್ರಹಿಸಿ ಪ್ರತಿ ತಿಂಗಳು ಪ್ರಕಟಿಸುತ್ತದೆ. ಟಿವಿಯಲ್ಲಿ ಹೇಳುವ ಹಣದುಬ್ಬರದ ಅಂಕಿ ಇದಲ್ಲ. ಅದನ್ನು ಪಕ್ಕಕ್ಕಿಡಿ.

ಜನ ಮಾಡುವ ಮೊದಲ ತಪ್ಪು ಹಳೆಯ ಅಂಕಿ, ಹೊಸ ಅಂಕಿ ಬೆರೆಸುವುದು. 2020ರ ಆಗಸ್ಟ್‌ನಲ್ಲಿ ಸೂಚ್ಯಂಕ 338. ಮರುತಿಂಗಳೇ 118.1! ಬೆಲೆ ಬಿದ್ದಿದ್ದಲ್ಲ. ಅಲ್ಲಿಯವರೆಗೆ 2001ರ ಬೆಲೆಯನ್ನು 100 ಎಂದು ಹಿಡಿದಿದ್ದರು, ಆಮೇಲೆ 2016ರದನ್ನು ಹಿಡಿದರು. ಹೊಸ ಅಂಕಿಯನ್ನು 2.88ರಿಂದ ಗುಣಿಸಿದರೆ ಹಳೆಯದಕ್ಕೆ ಸಮ. 118.1ನ್ನು ಗುಣಿಸಿ ನೋಡಿ, 340 ಬರುತ್ತದೆ. 2018ರ ಪಗಾರದ ಜೊತೆ ಹೋಲಿಸುವವರು ಈ ಗುಣಾಕಾರ ಮರೆತರೆ ಇಡೀ ಲೆಕ್ಕ ಹಾಳು.

ಎರಡನೆಯದು ತಿಂಗಳ ಆಯ್ಕೆ. 2023ರ ಜೂನ್‌ನಲ್ಲಿ 136.4 ಇದ್ದ ಸೂಚ್ಯಂಕ ಜುಲೈನಲ್ಲಿ 139.7ಕ್ಕೆ ಹಾರಿತು. ಟೊಮೆಟೊ ಚಿನ್ನದಂತಾಗಿದ್ದ ತಿಂಗಳು ಅದು, ನೆನಪಿದೆ ಅಲ್ವಾ? ಸೆಪ್ಟೆಂಬರ್‌ಗೆ 137.5ಕ್ಕೆ ಇಳಿಯಿತು. ಅಂಥ ಜುಲೈಯನ್ನು ಹಿಡಿದು ಹೋಲಿಸಿದರೆ ಉತ್ತರ ಒಂದು ಕಡೆಗೆ ವಾಲುತ್ತದೆ. ಡಿಸೆಂಬರ್‌ಗೆ ಡಿಸೆಂಬರ್ ಹೋಲಿಸಿ. ಹನ್ನೆರಡು ತಿಂಗಳ ಸರಾಸರಿ ಹಿಡಿದರೆ ಇನ್ನೂ ಒಳ್ಳೆಯದು.

ಈಗ ಲೆಕ್ಕ. 2020ರ ಡಿಸೆಂಬರ್‌ನಲ್ಲಿ ನಿಮ್ಮ ಬೇಸಿಕ್ ಮತ್ತು ಭತ್ತೆ ಸೇರಿ 12,000 ರೂಪಾಯಿ ಇತ್ತು ಎನ್ನಿ. ಆಗ ಅಖಿಲ ಭಾರತ ಸೂಚ್ಯಂಕ 118.8. 2024ರ ಡಿಸೆಂಬರ್‌ನಲ್ಲಿ 143.7. 12,000ವನ್ನು 143.7ರಿಂದ ಗುಣಿಸಿ 118.8ರಿಂದ ಭಾಗಿಸಿ. 14,515 ಬರುತ್ತದೆ. ಅಂದರೆ ನಾಲ್ಕು ವರ್ಷದಲ್ಲಿ 2,515 ರೂಪಾಯಿ ಏರಿದ್ದರೆ ನೀವು ಇದ್ದಲ್ಲೇ ಇದ್ದೀರಿ. 14,000 ಬರುತ್ತಿದ್ದರೆ, ಸ್ಲಿಪ್ ಎಷ್ಟೇ ದಪ್ಪ ಕಂಡರೂ, ನಿಮ್ಮ ಪಗಾರ ಇಳಿದಿದೆ. ಮುಂಬೈ, ಪುಣೆ ಕೇಂದ್ರಗಳ ಅಂಕಿ ಬೇರೆಯಾಗಿ ಸಿಗುತ್ತದೆ. ನಿಮ್ಮ ಊರಿನದನ್ನೇ ಹಾಕಿ. ಫೋನಿನಲ್ಲಿ ಸಿಗುವ ಇನ್‌ಫ್ಲೇಶನ್ ಕ್ಯಾಲ್ಕುಲೇಟರ್‌ಗಳು ಬೇಡ, ಸುಮ್ನೆ ವರ್ಷಕ್ಕೆ ಆರು ಪರ್ಸೆಂಟ್ ಎಂದು ಹಿಡಿದು ಏನೋ ಒಂದು ಉತ್ತರ ಕೊಡುವಂಥವೇ ಜಾಸ್ತಿ.

"ಹಣದುಬ್ಬರ ಇಳಿಯಿತಂತೆ, ಮತ್ತೆ ಭತ್ತೆ ಯಾಕೆ ಏರಿಸಬೇಕು?" ಎನ್ನುವ ಮಾಲೀಕರಿಗೂ ಉತ್ತರ ಇದರಲ್ಲೇ ಇದೆ. ಇಳಿದದ್ದು ಬೆಲೆ ಏರುವ ವೇಗ. ಬೆಲೆ ಏರುತ್ತಲೇ ಇದೆ.

ಈ ಸೂಚ್ಯಂಕಕ್ಕೂ ಒಂದು ಮಿತಿಯಿದೆ. ಅದರಲ್ಲಿ ಆಹಾರದ ಪಾಲು ನೂರಕ್ಕೆ 39.17ರಷ್ಟು, ಹಳೆಯ ಸರಣಿಯಲ್ಲಿ 46.2 ಇತ್ತು. ನಿಮ್ಮ ಮನೆಯಲ್ಲಿ ಪಗಾರದ ಅರ್ಧಕ್ಕಿಂತ ಜಾಸ್ತಿ ಕಿರಾಣಿ ಅಂಗಡಿಗೇ ಹೋಗುತ್ತಿದ್ದರೆ, ಅಕ್ಕಿ-ಬೇಳೆ ತುಟ್ಟಿಯಾದ ವರ್ಷ ಸೂಚ್ಯಂಕ ಹೇಳುವುದಕ್ಕಿಂತ ಬಿಸಿ ನಿಮಗೆ ಹೆಚ್ಚು ತಟ್ಟುತ್ತದೆ.

ಹಂತ 4: ಬೇಸಿಕ್ ಯಾವಾಗ ಬದಲಾಯಿತು?

ಭತ್ತೆ ಸೂಚ್ಯಂಕದ ಜೊತೆ ಏರಲೇಬೇಕು. ಇದು ಮಾಲೀಕನ ದಯೆಯ ಮಾತಲ್ಲ. ಆದರೆ ಅದಷ್ಟೇ ಸಾಲದು. ಭತ್ತೆಯಿಂದ ನಿನ್ನೆ ಕೊಂಡದ್ದನ್ನೇ ಇವತ್ತೂ ಕೊಳ್ಳಬಹುದು, ಒಂದು ಹಿಡಿ ಹೆಚ್ಚಲ್ಲ. ಮೇಲೇರಬೇಕಾದರೆ ಬೇಸಿಕ್ಕೇ ಏರಬೇಕು. ಐದು ವರ್ಷದೊಳಗೆ ಅದನ್ನು ಪರಿಶೀಲಿಸಬೇಕೆಂದು 1948ರ ಕನಿಷ್ಠ ವೇತನ ಕಾಯ್ದೆಯೂ ಹೇಳಿತ್ತು, 2025ರ ನವೆಂಬರ್ 21ರಿಂದ ಜಾರಿಯಾದ ವೇತನ ಸಂಹಿತೆಯೂ ಹೇಳುತ್ತದೆ. ನಡೆದದ್ದು? ಮಹಾರಾಷ್ಟ್ರದ ಅಂಗಡಿ-ಮುಂಗಟ್ಟುಗಳಲ್ಲಿ ಮೊದಲ ಪರಿಮಂಡಲದ ಅಕುಶಲ ಕೆಲಸಗಾರನ ಬೇಸಿಕ್ 2010ರಲ್ಲಿ 5,000 ಎಂದಾಯಿತು. ಮುಂದಿನ ಬದಲಾವಣೆ, 10,021, ಬಂದದ್ದು 2019ರಲ್ಲಿ.

ಸಣ್ಣ ಹೋಟೆಲಿನವರ ಕಷ್ಟ ಸುಳ್ಳಲ್ಲ. ಗ್ಯಾಸ್ ಸಿಲಿಂಡರ್, ಅಂಗಡಿ ಬಾಡಿಗೆ ಅವರಿಗೂ ಏರುತ್ತದೆ. ಆದರೆ ಅವರು ಇಡ್ಲಿ ಪ್ಲೇಟಿನ ಬೆಲೆ ಏರಿಸಿ ಸರಿದೂಗಿಸಿಕೊಳ್ಳುತ್ತಾರೆ. ಪ್ಲೇಟ್ ತೊಳೆಯುವವನಿಗೆ ಆ ದಾರಿ ಇಲ್ಲ.

ಹಂತ 5: ಕಡಿಮೆ ಬಂದಿದ್ದರೆ

ಎರಡನೇ ಹಂತದ ದರಕ್ಕಿಂತ ಕಡಿಮೆ ಕೊಟ್ಟಿದ್ದರೆ ಕಾನೂನಿನ ದಾರಿಯಿದೆ. ಮೂರನೇ ಹಂತದ ಲೆಕ್ಕದಲ್ಲಿ ಮಾತ್ರ ಕಡಿಮೆ ಬಂದರೆ ಇಲ್ಲ, ಅದು ಯೂನಿಯನ್ ಚೌಕಾಸಿಯ ವಿಷಯ. ಎರಡನ್ನೂ ಒಂದೇ ಅರ್ಜಿಯಲ್ಲಿ ಬೆರೆಸಬೇಡಿ.

ಮೊದಲು ಮಾಲೀಕರಿಗೆ ಬರಹದಲ್ಲಿ ಕೇಳಿ, ನಕಲು ಇಟ್ಟುಕೊಳ್ಳಿ. ಆಗಲಿಲ್ಲವೆಂದರೆ ಕಾಮಗಾರ ಆಯುಕ್ತರ ಕಚೇರಿ. ಮುಂಬೈಯವರಿಗೆ ಬಾಂದ್ರಾ-ಕುರ್ಲಾ ಸಂಕೀರ್ಣದ ಕಾಮಗಾರ ಭವನ. ಹಿಂದೆ ಬಾಕಿ ಕೇಳಲು ಆರೇ ತಿಂಗಳ ಗಡುವಿತ್ತು, ಹೊಸ ಸಂಹಿತೆಯಲ್ಲಿ ಮೂರು ವರ್ಷ. ಅರ್ಜಿಯನ್ನು ಮರಾಠಿಯಲ್ಲಿ ಬರೆಸಿ, ಕೆಲಸ ಬೇಗ ಆಗುತ್ತದೆ. ತಿಂಗಳು, ಸಿಗಬೇಕಾದದ್ದು, ಸಿಕ್ಕಿದ್ದು, ವ್ಯತ್ಯಾಸ, ಹೀಗೆ ನಾಲ್ಕು ಕಾಲಮ್ಮಿನ ಒಂದು ಹಾಳೆ ಲಗತ್ತಿಸಿ. ಪೇ ಸ್ಲಿಪ್‌ಗಳ ಮೂಲ ಪ್ರತಿ ಯಾರಿಗೂ ಕೊಡಬೇಡಿ, ಝೆರಾಕ್ಸ್ ಸಾಕು.