ಕಂಪ್ಯೂಟರಿನಲ್ಲಿ ಪೋಲಾಗುವುದು ಯಾವುದು?

ಕಂಪ್ಯೂಟರಿನಲ್ಲಿ ಏನೇನು ಓಡುತ್ತಿದೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದಾಗ ಹೆಚ್ಚಿನವರ ಕಣ್ಣು ಮೊದಲು ಹೋಗುವುದು ಮೆಮೊರಿಯ ಅಂಕಿಯ ಮೇಲೆ. ಮುಕ್ಕಾಲು ಪಾಲು ತುಂಬಿದೆ ಎಂದು ಕಂಡರೆ ಸಾಕು, ಏನೋ ಪೋಲಾಗುತ್ತಿದೆ ಎಂಬ ಆತಂಕ ಶುರುವಾಗುತ್ತದೆ. ನಾನು ಆ ಅಂಕಿಗೆ ತಲೆ ಕೆಡಿಸಿಕೊಳ್ಳುವುದಿಲ್ಲ. ರ‍್ಯಾಮ್ ಎಂಬ ಈ ಮೆಮೊರಿ ತುಂಬಿದ್ದರೂ ಖಾಲಿ ಇದ್ದರೂ ಅದಕ್ಕೆ ಬೇಕಾಗುವ ವಿದ್ಯುತ್ ಹೆಚ್ಚುಕಡಿಮೆ ಒಂದೇ. ವಿಂಡೋಸ್ ಆಗಲಿ, ಲಿನಕ್ಸ್ ಆಗಲಿ, ಬಿಡುವಿರುವ ಜಾಗದಲ್ಲಿ ಇತ್ತೀಚೆಗೆ ಓದಿದ ಕಡತಗಳನ್ನು ಇಟ್ಟುಕೊಂಡಿರುತ್ತವೆ. ಬೇರೆ ಪ್ರೋಗ್ರಾಂ ಕೇಳಿದೊಡನೆ ಆ ಜಾಗ ಬಿಟ್ಟುಕೊಡುತ್ತವೆ. ಲಿನಕ್ಸ್ ಬಳಸುವವರು ಮೆಮೊರಿಯ ಪಟ್ಟಿಯಲ್ಲಿ ‘ಫ್ರೀ’ ಎಂಬ ಕಾಲಂ ಬಿಟ್ಟು ‘ಅವೈಲಬಲ್’ ಎಂಬುದನ್ನು ನೋಡಬೇಕು. ಅದು ತೀರಾ ತಗ್ಗಿ, ಡಿಸ್ಕಿನ ಮೇಲೆ ಓದು-ಬರಹ ನಿಲ್ಲದೆ ನಡೆದಾಗ ಮಾತ್ರ ಮೆಮೊರಿ ಸಾಲದು ಎಂದರ್ಥ. ಮೆಮೊರಿ ಖಾಲಿ ಮಾಡಿಕೊಡುವುದಾಗಿ ಹೇಳಿಕೊಳ್ಳುವ ಪ್ರೋಗ್ರಾಂಗಳನ್ನು ನಾನು ಹತ್ತಿರ ಸೇರಿಸುವುದಿಲ್ಲ. ಅವು ಹೊರಗೆ ತಳ್ಳಿದ್ದನ್ನೇ ಕಂಪ್ಯೂಟರ್ ಮತ್ತೆ ಡಿಸ್ಕಿನಿಂದ ಓದಬೇಕಾಗುತ್ತದೆ.

ಯಾರಿಗೂ ಬೇಡದ ಕೆಲಸಕ್ಕೆ ವಿದ್ಯುತ್ ಹೋದರೆ ಅದೇ ನನ್ನ ಪಾಲಿಗೆ ಪೋಲು. ಇದನ್ನು ಊಹೆಯ ಮೇಲೆ ತೀರ್ಮಾನಿಸಬಾರದೆಂದು, ಗೋಡೆಯ ಸಾಕೆಟ್ಟಿಗೂ ಕಂಪ್ಯೂಟರಿನ ಪ್ಲಗ್ಗಿಗೂ ನಡುವೆ ಸಿಕ್ಕಿಸುವ ಒಂದು ವ್ಯಾಟ್ ಮೀಟರ್ ತಂದೆ.

ಮೀಟರು ಮೊದಲು ತೋರಿಸಿಕೊಟ್ಟದ್ದು ಒಂದು ಆಟವನ್ನು. ಆಡುವಾಗ ಅಷ್ಟೇನೂ ಸದ್ದಿಲ್ಲದ ಫ್ಯಾನ್, ಆಟವನ್ನು ತಡೆಹಿಡಿದು ಮೆನು ಪರದೆಗೆ ಬಂದ ಕೂಡಲೇ ಭೋರೆನ್ನುತ್ತಿತ್ತು. ವ್ಯಾಟ್ ಅಂಕಿಯೂ ಏರುತ್ತಿತ್ತು. ಕಾರಣ ಸರಳ. ಮೆನುವಿನ ಚಿತ್ರ ಬಿಡಿಸುವುದು ಸುಲಭ, ಹಾಗಾಗಿ ತಡೆ ಇಲ್ಲದ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ನೂರಾರು ಚಿತ್ರಗಳನ್ನು ಬಿಡಿಸುತ್ತಲೇ ಇರುತ್ತದೆ. ನನ್ನದು 60 ಹರ್ಟ್ಸ್ ಮಾನಿಟರ್; ಸೆಕೆಂಡಿಗೆ 60 ಬಾರಿಗಿಂತ ಹೆಚ್ಚು ಅದರ ಚಿತ್ರ ಬದಲಾಗುವುದೇ ಇಲ್ಲ. ಕಾರ್ಡ್ 300 ಬಿಡಿಸಿದರೆ ಅದರಲ್ಲಿ 240ರಷ್ಟು ದುಡಿಮೆ ನೀರಿನಲ್ಲಿ ಹೋಮ. ಆಟದ ಸೆಟ್ಟಿಂಗ್ಸ್‌ನಲ್ಲಿ ಫ್ರೇಮ್ ಮಿತಿಯನ್ನು, ಅಂದರೆ ಸೆಕೆಂಡಿಗೆ ಬಿಡಿಸುವ ಚಿತ್ರಗಳ ಮಿತಿಯನ್ನು, 60ಕ್ಕೆ ಇಟ್ಟೆ. ಅಂಕಿ ಅಲ್ಲೇ ಕಣ್ಣೆದುರು ಇಳಿಯಿತು, ಫ್ಯಾನ್ ತಣ್ಣಗಾಯಿತು, ಪರದೆಯ ಮೇಲೆ ಕಾಣುವುದರಲ್ಲಿ ಏನೂ ವ್ಯತ್ಯಾಸವಿಲ್ಲ.

ಬ್ರೌಸರಿನ ಹಿಂದಿನ ಟ್ಯಾಬಿನಲ್ಲಿ ತಾನಾಗಿ ಓಡುವ ವಿಡಿಯೊ, ಕಂಪ್ಯೂಟರ್ ಆನ್ ಆಗುತ್ತಲೇ ಎದ್ದು ಕೂರುವ ಅಪ್‌ಡೇಟರ್‌ಗಳು ಇವನ್ನೂ ನಿಲ್ಲಿಸಿದೆ. ಒಂದೊಂದೂ ಚಿಕ್ಕದೇ. ಆದರೆ ಬೇಡದ 20 ವ್ಯಾಟ್ ಹಗಲೂ ರಾತ್ರಿ ಹೋಗುತ್ತಿದ್ದರೆ ವರ್ಷಕ್ಕೆ ಸುಮಾರು 175 ಯೂನಿಟ್ ಆಗುತ್ತದೆ. ಸ್ಕ್ರೀನ್ ಸೇವರ್ ಕೂಡ ತೆಗೆದೆ: ಹಳೆಯ ಸಿಆರ್‌ಟಿ ಪರದೆಗಳಲ್ಲಿ ಚಿತ್ರದ ಅಚ್ಚು ಉಳಿಯದಿರಲೆಂದು ಬಂದದ್ದು ಅದು. ಎಲ್‌ಸಿಡಿ ಪರದೆಯನ್ನು ಆರಿಸಿಬಿಡುವುದೇ ಒಳ್ಳೆಯದು.

ಪ್ರೊಸೆಸರ್ ನೂರಕ್ಕೆ ನೂರು ದುಡಿಯುವುದನ್ನು ಮಾತ್ರ ನಾನು ಪೋಲು ಎನ್ನಲಾರೆ, ಆ ಫಲ ಯಾರಿಗಾದರೂ ಬೇಕಿದ್ದರೆ. 1999ರಲ್ಲಿ ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಆರಂಭಿಸಿದ ಸೆಟಿ ಅಟ್ ಹೋಮ್, ಮನೆಮನೆಯ ಕಂಪ್ಯೂಟರುಗಳ ಬಿಡುವಿನ ವೇಳೆಯನ್ನು ಕೇಳಿ ಪಡೆದು ಭೂಮಿಯಾಚೆಯ ಬುದ್ಧಿವಂತ ಜೀವಿಗಳ ಸುಳಿವಿಗಾಗಿ ರೇಡಿಯೊ ದೂರದರ್ಶಕದ ದತ್ತಾಂಶವನ್ನು ಸೋಸಿತು. 2020ರ ಮಾರ್ಚ್‌ನಲ್ಲಿ ಹೊಸ ಕೆಲಸ ಹಂಚುವುದನ್ನು ನಿಲ್ಲಿಸಿತು. ಪ್ರೋಟೀನುಗಳು ಮಡಿಚಿಕೊಳ್ಳುವ ಬಗೆಯನ್ನು ಲೆಕ್ಕಹಾಕುವ ಫೋಲ್ಡಿಂಗ್ ಅಟ್ ಹೋಮ್‌ಗೆ ನನ್ನ ಕಂಪ್ಯೂಟರನ್ನೂ ಕೊಡುತ್ತೇನೆ. ಹೇಗೂ ಸುಮ್ಮನಿರುವ ಪ್ರೊಸೆಸರ್ ತಾನೇ ಎಂಬ ವಾದವನ್ನು ಮಾತ್ರ ಒಪ್ಪುವುದಿಲ್ಲ. ಈಗಿನ ಪ್ರೊಸೆಸರ್ ಕೆಲಸವಿಲ್ಲದಾಗ ತನ್ನ ಭಾಗಗಳನ್ನು ಮಲಗಿಸಿ ವಿದ್ಯುತ್ ಉಳಿಸುತ್ತದೆ. ಎಬ್ಬಿಸಿ ದುಡಿಸಿದರೆ ಬಿಲ್ ಏರುತ್ತದೆ, ಕೋಣೆಯೂ ಬಿಸಿಯಾಗುತ್ತದೆ. ಹಾಗಾಗಿ ಅದನ್ನು ದಾನವೆಂದೇ ತಿಳಿದು, ಕೊಡಬಲ್ಲಷ್ಟು ಹೊತ್ತನ್ನು ಮೊದಲೇ ಗೊತ್ತುಮಾಡಿ ಓಡಿಸುತ್ತೇನೆ. ಸೆಖೆಯ ತಿಂಗಳುಗಳಲ್ಲಿ ಪೂರ್ತಿ ನಿಲ್ಲಿಸುತ್ತೇನೆ, ಏಕೆಂದರೆ ಆ ಶಾಖವನ್ನು ಹೊರಹಾಕಲು ಮತ್ತೊಂದು ಯಂತ್ರ ದುಡಿಯಬೇಕಾಗುತ್ತದೆ.