ಬಾಹಾ ಟೀಮಿನ ಲೆಕ್ಕ ಬರೆದವನ ಅನುಭವ

ಇಂಜಿನಿಯರಿಂಗ್ ಕಾಲೇಜಿನ ಬಾಹಾ ಟೀಮ್ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಮಣ್ಣು ಹಾರಿಸುತ್ತಾ ಓಡುವ ಗಾಡಿ, ಹೆಲ್ಮೆಟ್ ಹಾಕಿಕೊಂಡ ಡ್ರೈವರ್. ನಾನು ಆ ಗಾಡಿ ಓಡಿಸಿದವನಲ್ಲ, ಡಿಸೈನ್ ಮಾಡಿದವನೂ ಅಲ್ಲ. ಬೆಳಗಾವಿಯ ಒಂದು ಕಾಲೇಜಿನಲ್ಲಿ ಮೆಕ್ಯಾನಿಕಲ್ ಓದುವಾಗ ಎರಡು ವರ್ಷ ಟೀಮಿನ ಮ್ಯಾನೇಜರ್ ಆಗಿದ್ದೆ. ಅಂದರೆ ದುಡ್ಡು, ಬಿಲ್ಲು, ಪರ್ಮಿಷನ್ ಪತ್ರ, ಸ್ಟೋರ್ ರೂಮಿನ ಬೀಗದ ಕೈ ಎಲ್ಲ ನನ್ನ ಹತ್ತಿರ. ಈಗ ಹೊಸದಾಗಿ ಕ್ಲಬ್ ಶುರು ಮಾಡುವ ಹುಡುಗ ಹುಡುಗಿಯರು ಆಗಾಗ ಫೋನ್ ಮಾಡಿ ಸಸ್ಪೆನ್ಷನ್ ಬಗ್ಗೆ ಕೇಳುತ್ತಾರೆ. ಅದನ್ನು ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ನನಗೆ ಗೊತ್ತಿರುವುದು ಉಳಿದ ಕೆಲಸ. ಜಾಸ್ತಿ ಟೀಮುಗಳು ಮುಗ್ಗರಿಸುವುದೂ ಅಲ್ಲೇ.

ಗೊತ್ತಿಲ್ಲದವರಿಗೆ ಎರಡು ಮಾತು. ಬಾಹಾ ಅನ್ನುವುದು 1976ರಲ್ಲಿ ಅಮೆರಿಕದ ಸೌತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಶುರುವಾದ ಸ್ಪರ್ಧೆ. ನಮ್ಮಲ್ಲಿ ಎಸ್‌ಎಇ ಇಂಡಿಯಾ ಅನ್ನುವ ವಾಹನ ಇಂಜಿನಿಯರುಗಳ ಸಂಘ 2007ರಿಂದ ಇಂದೋರ್ ಪಕ್ಕದ ಪೀಥಂಪುರದಲ್ಲಿ ನಡೆಸುತ್ತಾ ಬಂದಿದೆ. ಒಬ್ಬರೇ ಕೂರುವ, ಹಳ್ಳ ದಿಣ್ಣೆ ಹತ್ತಿ ಇಳಿಯುವ ಗಾಡಿಯನ್ನು ವಿದ್ಯಾರ್ಥಿಗಳೇ ಕಟ್ಟಬೇಕು. ನಮ್ಮ ಕಾಲದಲ್ಲಿ ಎಲ್ಲ ಟೀಮಿಗೂ ಒಂದೇ ಇಂಜಿನ್. ಬ್ರಿಗ್ಸ್ ಆಂಡ್ ಸ್ಟ್ರಾಟನ್ ಕಂಪನಿಯದು, 10 ಎಚ್‌ಪಿ. ಅದರ ಒಳಗೆ ಕೈ ಹಾಕುವ ಹಾಗಿಲ್ಲ. ಬ್ರೇಕ್ ಒತ್ತಿದರೆ ನಾಲ್ಕೂ ಚಕ್ರ ಒಟ್ಟಿಗೆ ಲಾಕ್ ಆಗಬೇಕು. ಡ್ರೈವರ್ ಐದು ಸೆಕೆಂಡಿನಲ್ಲಿ ಬೆಲ್ಟ್ ಬಿಚ್ಚಿ ಹೊರಗೆ ಬರಬೇಕು. ಕೊನೆಗೆ ನಾಲ್ಕು ಗಂಟೆಯ ಎಂಡ್ಯೂರೆನ್ಸ್ ಓಟ. ಜುಲೈ ಹೊತ್ತಿಗೆ ಗಾಡಿ ಇಲ್ಲದೆ ಡಿಸೈನ್ ಮಾತ್ರ ತೋರಿಸುವ ವರ್ಚುವಲ್ ರೌಂಡ್, ಅದರಲ್ಲಿ ಪಾಸಾದರೆ ಮುಂದಿನ ವರ್ಷದ ಮೊದಲ ತಿಂಗಳುಗಳಲ್ಲಿ ಗಾಡಿ ತಗೊಂಡು ಹೋಗಬೇಕು.

ಮೊದಲು ಜನ. ಕ್ಲಬ್‌ನ ಮೊದಲ ಮೀಟಿಂಗಿಗೆ ಸೆಮಿನಾರ್ ಹಾಲ್ ತುಂಬುತ್ತದೆ. ಮೊದಲ ಇಂಟರ್ನಲ್ಸ್ ಮುಗಿಯುವ ಹೊತ್ತಿಗೆ ಎರಡು ಬೆಂಚು ಸಾಕು. ಇದಕ್ಕೆ ಬೇಜಾರು ಮಾಡಿಕೊಳ್ಳಬೇಕಾಗಿಲ್ಲ. ನಮ್ಮ ಹಿಂದಿನವರು ಇಂಟರ್‌ವ್ಯೂ ಮಾಡಿ ತಗೊಳ್ಳುತ್ತಿದ್ದರು. 'ನಿನಗೆ ಆಟೊಮೊಬೈಲ್ ಯಾಕೆ ಇಷ್ಟ' ಅಂತ ಕೇಳಿದರೆ ಎಲ್ಲರೂ ಚಿಕ್ಕಂದಿನ ಬೈಕ್ ಕಥೆ ಹೇಳುವವರೇ. ನಾವು ಅದನ್ನು ಬಿಟ್ಟು ಪ್ರತಿಯೊಬ್ಬರಿಗೂ ಎರಡು ತುಂಡು ಗುಜರಿ ಪೈಪ್, ಒಂದು ಅರ ಕೊಟ್ಟೆವು. ಒಂದು ಪೈಪಿನ ಬಾಯಿಯನ್ನು ಇನ್ನೊಂದರ ಬೆನ್ನಿಗೆ ಬೆಳಕು ಕಾಣದ ಹಾಗೆ ಕೂರಿಸಿ ತರಬೇಕು, ವಾರ ಬಿಟ್ಟು ಬನ್ನಿ ಅಂದೆವು. ಮರಳಿ ಬಂದವರೇ ಟೀಮು.

ಹಾಗೆ ಬಂದವರಲ್ಲಿ ಡಿಪ್ಲೊಮಾ ಮುಗಿಸಿ ನೇರ ಮೂರನೇ ಸೆಮಿಸ್ಟರಿಗೆ ಸೇರಿದವರು ಜಾಸ್ತಿ ಇದ್ದರು. ಕ್ಲಾಸಿನಲ್ಲಿ ಗಣಿತ ಕಷ್ಟ ಅಂತ ಹಿಂದಿನ ಬೆಂಚಿನಲ್ಲಿ ಕೂರುವ ಹುಡುಗರು ಇವರು. ಕೈಗೆ ಗ್ರೈಂಡರ್ ಕೊಟ್ಟರೆ ಬೇರೆಯೇ ಜನ. ಪಿಯುಸಿಯಿಂದ ಸಿಇಟಿ ಬರೆದು ಬಂದ ನಮ್ಮಂಥವರು ಕಂಪ್ಯೂಟರಿನಲ್ಲಿ ಗಾಡಿ ತಿರುಗಿಸಿ ತಿರುಗಿಸಿ ನೋಡುತ್ತೇವೆ, ಅವರು ಪೈಪ್ ಕತ್ತರಿಸುತ್ತಾರೆ. ಕ್ಲಬ್ ಕಟ್ಟುವವರು ಲ್ಯಾಟರಲ್ ಎಂಟ್ರಿ ಹುಡುಗರನ್ನು ಹುಡುಕಿಕೊಂಡು ಹೋಗಿ ಕರೆಯಬೇಕು. ಅವರಾಗಿ ಬರುವುದಿಲ್ಲ, ಸಂಕೋಚ.

ಹುಡುಗಿಯರ ವಿಷಯ ಬೇರೆ. ನಮ್ಮ ವರ್ಕ್‌ಶಾಪ್ ಕೆಲಸ ಶುರುವಾಗುತ್ತಿದ್ದದ್ದೇ ಕ್ಲಾಸ್ ಮುಗಿದ ಮೇಲೆ, ನಡೆಯುತ್ತಿದ್ದದ್ದು ರಾತ್ರಿ ಹತ್ತರವರೆಗೆ. ಲೇಡೀಸ್ ಹಾಸ್ಟೆಲ್ ಗೇಟು ಕತ್ತಲಾಗುವ ಮೊದಲೇ ಮುಚ್ಚುತ್ತದೆ. ಹೀಗಾಗಿ ಹುಡುಗಿಯರಿಗೆ ಉಳಿಯುತ್ತಿದ್ದದ್ದು ಪ್ರೆಸೆಂಟೇಷನ್ ಮತ್ತು ಪೋಸ್ಟರ್ ಕೆಲಸ. ವಾರ್ಡನ್‌ಗೆ ಪತ್ರ ಬರೆದು ಪ್ರಯೋಜನ ಆಗಲಿಲ್ಲ. ಕೊನೆಗೆ ಕೆಲಸದ ಹೊತ್ತನ್ನೇ ಬೆಳಗ್ಗೆ ಆರೂವರೆಗೆ ಬದಲಿಸಿದೆವು. ಹುಡುಗರ ಗೊಣಗಾಟ ಎಷ್ಟಿತ್ತು ಅಂತೀರಿ! ರಾತ್ರಿ ನಿದ್ದೆಗೆಟ್ಟು ಮಾಡಿದ್ದೇ ದೊಡ್ಡ ಕೆಲಸ ಅನ್ನುವ ಗೀಳು ಇಂಜಿನಿಯರಿಂಗ್ ಹುಡುಗರಿಗೆ ಎಲ್ಲಿಂದ ಬಂತೋ ಗೊತ್ತಿಲ್ಲ. ಆದರೆ ಬೆಳಗಿನ ಎರಡು ತಾಸಿನಲ್ಲಿ ಹರಟೆ ಇಲ್ಲ, ಟೀ ಅಂಗಡಿ ಓಡಾಟ ಇಲ್ಲ, ಕೆಲಸ ಸರಿಯಾಗಿ ಸಾಗಿತು. ಆ ವರ್ಷ ಬ್ರೇಕ್ ವಿಭಾಗ ಪೂರ್ತಿ ಇಬ್ಬರು ಹುಡುಗಿಯರದೇ. ಮಾರುತಿ 800ರ ಮಾಸ್ಟರ್ ಸಿಲಿಂಡರ್ ಬಿಚ್ಚಿ, ತೊಳೆದು, ಲೈನಿನಿಂದ ಗಾಳಿ ತೆಗೆಯುವುದನ್ನು ಉಳಿದವರಿಗೆ ಅವರೇ ಕಲಿಸಿದರು.

ಇನ್ನು ದುಡ್ಡು. ಗಾಡಿ ಕಟ್ಟಿ, ಪೀಥಂಪುರಕ್ಕೆ ಹೋಗಿ ಬರುವಷ್ಟರಲ್ಲಿ ಐದಾರು ಲಕ್ಷ ಆಗುತ್ತದೆ. ಕಾಲೇಜು ಒಂದಿಷ್ಟು ಕೊಡುತ್ತದೆ, ಆದರೆ ಮೊದಲು ಕೊಡುವುದಿಲ್ಲ. ನೀವು ಖರ್ಚು ಮಾಡಿ, ಬಿಲ್ ಕೊಟ್ಟ ಮೇಲೆ ವಾಪಸ್. ಹಾಗಾಗಿ ಮ್ಯಾನೇಜರ್ ಮೊದಲು ಕಲಿಯಬೇಕಾದ್ದು ಅಕೌಂಟ್ಸ್ ಸೆಕ್ಷನ್‌ನವರಿಗೆ ಯಾವ ಕಾಗದ ಬೇಕು ಅನ್ನುವುದನ್ನು. ಇಂಡೆಂಟ್ (ಇಂಥದ್ದು ಬೇಕು ಅನ್ನುವ ಕೋರಿಕೆ), ಮೂರು ಅಂಗಡಿಯ ಕೊಟೇಶನ್, ಅದನ್ನು ಹೋಲಿಸಿದ ಹಾಳೆ, ಎಚ್‌ಒಡಿ ಸಹಿ, ಆಮೇಲೆ ಬಿಲ್. ಬಿಲ್ ನಿಮ್ಮ ಹೆಸರಿಗಲ್ಲ, ಟೀಮಿನ ಹೆಸರಿಗೂ ಅಲ್ಲ, ಕಾಲೇಜಿನ ಹೆಸರಿಗೆ ಇರಬೇಕು. ಒಂದು ಅಕ್ಷರ ಹೆಚ್ಚುಕಮ್ಮಿ ಆದರೂ ಫೈಲ್ ವಾಪಸ್. ನಾನು ಕಾಲೇಜಿನ ಪೂರ್ತಿ ಹೆಸರು, ವಿಳಾಸ, ಜಿಎಸ್‌ಟಿ ನಂಬರ್ ಇರುವ ಚೀಟಿಗಳನ್ನು ಜೆರಾಕ್ಸ್ ಮಾಡಿಸಿ ಖರೀದಿಗೆ ಹೋಗುವ ಎಲ್ಲರ ಜೇಬಿಗೂ ಇಟ್ಟಿದ್ದೆ.

ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಅಂಗಡಿಗಳಲ್ಲಿ ಎರಡು ರೇಟು. ಕಚ್ಚಾ ಬಿಲ್ಲಿಗೆ ಒಂದು, ಪಕ್ಕಾ ಬಿಲ್ಲಿಗೆ 18% ಜಿಎಸ್‌ಟಿ ಸೇರಿಸಿ ಇನ್ನೊಂದು. ಹುಡುಗರು ಕಡಿಮೆ ಆಯಿತು ಅಂತ ಖುಷಿಯಿಂದ ಕಚ್ಚಾ ಬಿಲ್ ತರುತ್ತಾರೆ, ಕಾಲೇಜಿನಿಂದ ಒಂದು ರೂಪಾಯಿಯೂ ಹುಟ್ಟುವುದಿಲ್ಲ. ಹಾಗಂತ ಎಲ್ಲರ ಹತ್ತಿರವೂ ಪಕ್ಕಾ ಬಿಲ್ ಕೇಳಲಾಗದು. ಒಂದು ಲೇತ್ ಇಟ್ಟುಕೊಂಡು ಒಬ್ಬರೇ ದುಡಿಯುವ ಟರ್ನರ್‌ಗೆ ಜಿಎಸ್‌ಟಿ ನಂಬರೇ ಇರುವುದಿಲ್ಲ, ಅಷ್ಟು ಸಣ್ಣ ವ್ಯವಹಾರಕ್ಕೆ ಬೇಕಾಗಿಯೂ ಇಲ್ಲ. ಅಂಥವರಿಗೆ ವೋಚರ್ ಬರೆದು ಸಹಿ ಹಾಕಿಸಿಕೊಳ್ಳುತ್ತಿದ್ದೆ. ಐದು ಸಾವಿರ ದಾಟಿದರೆ ಒಂದು ರೂಪಾಯಿಯ ರೆವೆನ್ಯೂ ಸ್ಟ್ಯಾಂಪ್ ಅಂಟಿಸಿ ಅದರ ಮೇಲೆ ಸಹಿ. ಪರ್ಸಿನಲ್ಲಿ ಆ ಸ್ಟ್ಯಾಂಪಿನ ಹಾಳೆ ಸದಾ ಇರುತ್ತಿತ್ತು. ಇಷ್ಟೆಲ್ಲ ಯಾಕೆ ಅಂದರೆ ಕಾಲೇಜಿಗೆ ಮಾತ್ರ ಅಲ್ಲ, ಸ್ಪರ್ಧೆಯಲ್ಲೂ ಕಾಸ್ಟ್ ರಿಪೋರ್ಟಿಗೆ ಅಂಕ ಇದೆ. ಯಾವ ಬೋಲ್ಟಿಗೆ ಎಷ್ಟು, ಬಿಲ್ ಎಲ್ಲಿ ಅಂತ ಜಡ್ಜ್ ಕೇಳುತ್ತಾರೆ. ಫೈಲು ತೆರೆದು ತೋರಿಸಿದರೆ ಮಾತು ಮುಗಿಯಿತು. ಡಿಸೈನ್ ಚರ್ಚೆಯಲ್ಲಿ ಒದ್ದಾಡಿ ಗಳಿಸುವ ಅಂಕ, ಲೆಕ್ಕ ಸರಿಯಾಗಿ ಇಟ್ಟರೆ ಇಲ್ಲಿ ಕೂತಲ್ಲೇ ಸಿಗುತ್ತದೆ.

ಸ್ಪಾನ್ಸರ್ ವಿಷಯಕ್ಕೆ ಬಂದರೆ, ದುಡ್ಡು ಕೇಳಬೇಡಿ, ಕೆಲಸ ಕೇಳಿ. '₹50,000 ಪ್ರಾಯೋಜಕತ್ವ ಕೊಡಿ' ಅನ್ನುವ ಪತ್ರ ಎಲ್ಲ ಕಾಲೇಜಿನಿಂದಲೂ ಬರುತ್ತದೆ, ಎಲ್ಲವೂ ಒಂದೇ ಡ್ರಾಯರಿಗೆ ಹೋಗುತ್ತವೆ. ನಾವು ಹಬ್, ಅಂದರೆ ಚಕ್ರ ಕೂರುವ ಭಾಗದ ಡ್ರಾಯಿಂಗ್ ಹಿಡಿದು ಉದ್ಯಮಬಾಗಕ್ಕೆ ಹೋಗಿ 'ನಾಲ್ಕು ಹಬ್ ಬೇಕು, ನಿಮ್ಮ ಮಷೀನ್ ಖಾಲಿ ಇರುವಾಗ ಮಾಡಿಕೊಡಿ' ಅಂತ ಕೇಳಿದೆವು. ಫೌಂಡ್ರಿ, ಮಷೀನ್ ಶಾಪ್‌ಗಳೇ ತುಂಬಿರುವ ಜಾಗ ಅದು. ಮಾಲೀಕರಿಗೆ ನಾಲ್ಕು ಹಬ್ ದೊಡ್ಡ ವಿಷಯ ಅಲ್ಲ. ಬದಲಿಗೆ ಗಾಡಿಯ ಮೇಲೆ ಸ್ಟಿಕರ್, ಮುಂದೆ ಅವರಲ್ಲಿ ಇಂಟರ್ನ್‌ಶಿಪ್‌ಗೆ ಒಳ್ಳೆಯ ಹುಡುಗರು. ಇಬ್ಬರಿಗೂ ಲಾಭ.

ನಮಗೆ ಜಾಸ್ತಿ ಕಲಿಸಿದವರು ಅಲ್ಲಿನ ಒಬ್ಬ ಹಿರಿಯ ಟರ್ನರ್. ಎಲ್ಲರೂ ಕಾಕಾ ಅಂತಲೇ ಕರೆಯುತ್ತಿದ್ದೆವು. ನಮ್ಮ ಹಬ್‌ನ ಡ್ರಾಯಿಂಗ್ ಕೈಯಲ್ಲಿ ಹಿಡಿದು, ಕನ್ನಡಕ ಹಣೆಗೆ ಏರಿಸಿ ಕೇಳಿದರು:

"ಎಲ್ಲಾ ಕಡೆ ಹತ್ತು ಮೈಕ್ರಾನ್ ಅಂತ ಬರದೀಯಲ್ಲಪಾ, ಅಳಿಯಾಕ ನಿಮ್ಮ ಕಡೆ ಏನೈತಿ?"

"ವರ್ನಿಯರ್ ಐತಿ ಕಾಕಾ."

"ವರ್ನಿಯರ್‌ಗೆ ಕಾಣದ್ದನ್ನ ನಾ ಯಾಕ ಮಾಡ್ಲಿ? ಬೇರಿಂಗ್ ತಂದು ಕೊಡು. ಅದು ಕೂರೋ ಜಾಗ ನಾ ನೋಡ್ಕೋತೀನಿ. ಉಳಿದದ್ದಕ್ಕ ಸಡಿಲ ಬಿಡು."

ವರ್ನಿಯರ್‌ಗೆ ಕಾಣುವ ಅತಿ ಸಣ್ಣ ಅಳತೆ 0.02 ಮಿ.ಮೀ., ಅಂದರೆ 20 ಮೈಕ್ರಾನ್. ಅವತ್ತಿನಿಂದ ಟೀಮಿನಲ್ಲಿ ಒಂದು ಪದ್ಧತಿ ಬಂತು. ಡ್ರಾಯಿಂಗ್ ಅಂಗಡಿಗೆ ಹೋಗುವ ಮೊದಲು ಪ್ರತಿ ಟಾಲರೆನ್ಸಿನ (ಅಳತೆಯಲ್ಲಿ ಎಷ್ಟು ಹೆಚ್ಚುಕಮ್ಮಿ ಆದರೆ ನಡೆಯುತ್ತದೆ ಅನ್ನುವುದರ) ಮುಂದೆ 'ಯಾವುದರಿಂದ ಅಳೆಯುತ್ತೀರಿ' ಅಂತ ಬರೆಯಬೇಕು. ಬರೆಯಲು ಆಗದಿದ್ದರೆ ಆ ಟಾಲರೆನ್ಸ್ ತೆಗೆಯಬೇಕು. ಮಷೀನಿಂಗ್ ಖರ್ಚು ಕಣ್ಣಿಗೆ ಕಾಣುವಷ್ಟು ಇಳಿಯಿತು.

ರೋಲ್ ಕೇಜ್ ಅಂದರೆ ಗಾಡಿ ಮಗುಚಿದರೂ ಡ್ರೈವರನ್ನು ಕಾಯುವ ಪೈಪಿನ ಗೂಡು. ಅದರ ಪೈಪಿಗೆ ನಿಯಮ ಬಿಗಿ. ಹೊರವ್ಯಾಸ 25.4 ಮಿ.ಮೀ., ಗೋಡೆ 3 ಮಿ.ಮೀ., ಉಕ್ಕಿನಲ್ಲಿ ಕಾರ್ಬನ್ ಕನಿಷ್ಠ 0.18%. ಇಲ್ಲವೇ ಅಷ್ಟೇ ಗಟ್ಟಿ ಅಂತ ಲೆಕ್ಕ ಹಾಕಿ ತೋರಿಸಿ ಬೇರೆ ಅಳತೆ ತಗೊಳ್ಳಬಹುದು. ಅಂಗಡಿಯವನು ಬಾಯಲ್ಲಿ ಹೇಳಿದರೆ ನಡೆಯುವುದಿಲ್ಲ, ಒಂದು ತುಂಡು ಲ್ಯಾಬಿಗೆ ಕಳಿಸಿ ಟೆಸ್ಟ್ ಸರ್ಟಿಫಿಕೇಟ್ ತರಬೇಕು. ಪೈಪ್ ಕೊಳ್ಳುವ ಮೊದಲು ಪೂರ್ತಿ ಕೇಜನ್ನು ವೈರಿಂಗಿಗೆ ಬಳಸುವ ಪಿವಿಸಿ ಪೈಪಿನಲ್ಲಿ ಕಟ್ಟಿ, ನಮ್ಮಲ್ಲೇ ಎತ್ತರದ ಹುಡುಗನಿಗೆ ಹೆಲ್ಮೆಟ್ ಹಾಕಿಸಿ ಒಳಗೆ ಕೂರಿಸಿದೆವು. ಹೆಲ್ಮೆಟ್ಟಿಗೂ ಮೇಲಿನ ಪೈಪಿಗೂ ಆರು ಇಂಚು ಜಾಗ ಬೇಕು. ಕೆಲವು ನೂರು ರೂಪಾಯಿಯ ಪಿವಿಸಿ ಇದನ್ನು ಅರ್ಧ ತಾಸಿನಲ್ಲಿ ಹೇಳಿಬಿಡುತ್ತದೆ.

ಪೈಪಿನ ತುದಿಗೆ ಮೀನಿನ ಬಾಯಿಯಂಥ ಕಟ್ ಬರಬೇಕು, ಆಗ ಇನ್ನೊಂದು ಪೈಪಿಗೆ ಅಂಟಿ ಕೂರುತ್ತದೆ. ಅದಕ್ಕೆ ಮಷೀನ್ ಬೇಕಿಲ್ಲ. ಕಟ್‌ನ ಆಕಾರವನ್ನು ನಿಜವಾದ ಅಳತೆಯಲ್ಲಿ ಕಾಗದದ ಮೇಲೆ ಪ್ರಿಂಟ್ ತೆಗೆದು, ಪೈಪಿಗೆ ಸುತ್ತಿ, ಸ್ಕ್ರೈಬರ್‌ನಿಂದ ಗೀರಿ, ಗ್ರೈಂಡರ್ ಹಿಡಿದರೆ ಆಯಿತು. ಪ್ರಿಂಟ್ ತೆಗೆಯುವಾಗ 'ಪೇಜಿಗೆ ಹೊಂದಿಸು' ಅನ್ನುವುದನ್ನು ಆಫ್ ಮಾಡಬೇಕು. ಜೆರಾಕ್ಸ್ ಅಂಗಡಿಯವರು ಯಾವಾಗಲೂ ಅದನ್ನು ಆನ್ ಇಟ್ಟಿರುತ್ತಾರೆ.

ವೆಲ್ಡಿಂಗ್ ಮಾಡುವವರು ಮಾದರಿ ಜಾಯಿಂಟುಗಳನ್ನೂ ಮಾಡಿ ಸ್ಪರ್ಧೆಗೆ ಒಯ್ಯಬೇಕು. ಒಂದರಲ್ಲಿ ಎರಡು ಪೈಪ್ 90 ಡಿಗ್ರಿಗೆ ಸೇರಿರುತ್ತವೆ. ಅದನ್ನು ಮುರಿದು, ವೆಲ್ಡ್ ಬಿಡದೆ ಪೈಪೇ ಹರಿದಿದೆ ಅಂತ ತೋರಿಸಬೇಕು. ಇನ್ನೊಂದು 30 ಡಿಗ್ರಿಯದು. ಅದನ್ನು ಉದ್ದಕ್ಕೆ ಸೀಳಿ, ಒಳಗೆ ಲೋಹ ಎಷ್ಟು ಆಳ ಬೆರೆತಿದೆ ಅಂತ ತೋರಿಸಬೇಕು. ನಮ್ಮ ಡಿಪ್ಲೊಮಾ ಹುಡುಗನೊಬ್ಬ ಸೀಳಿದ ತುಂಡನ್ನು ನುಣ್ಣಗೆ ಉಜ್ಜಿ ಕರ್ಚೀಫಿನಲ್ಲಿ ಸುತ್ತಿ ತಂದು ನನ್ನ ಮೇಜಿನ ಮೇಲಿಟ್ಟ. ಎರಡು ಪೈಪಿನ ನಡುವಿನ ಗೆರೆ ಎಲ್ಲಿ ಅಂತ ಹುಡುಕಿದರೂ ಸಿಗಲಿಲ್ಲ. ಅವನ ಸೆಮಿಸ್ಟರಿನ ಎಲ್ಲ ಮಾರ್ಕ್ಸ್‌ಗಿಂತ ಆ ತುಂಡು ಮೇಲು ಅಂತ ನನಗೆ ಈಗಲೂ ಅನಿಸುತ್ತದೆ.

ಪೈಪ್ ಬಗ್ಗಿಸುವ ಡೈ ನಮ್ಮ ಹತ್ತಿರ ಇರಲಿಲ್ಲ. ಪಕ್ಕದೂರಿನ ಕಾಲೇಜಿನ ಟೀಮಿನ ಹತ್ತಿರ ಇತ್ತು. ಎದುರಾಳಿಗಳ ಹತ್ತಿರ ಕೇಳುವುದು ಹೇಗೆ ಅಂತ ನಮ್ಮವರು ಹಿಂಜರಿದರು. ಬೆಂಗಳೂರು, ಹೈದರಾಬಾದಿನ ಏಳು ಕಾಲೇಜಿನ ವಿದ್ಯಾರ್ಥಿಗಳು ಸೇರಿ ಕಟ್ಟಿದ ಪುಟ್ಟ ಉಪಗ್ರಹ ಸ್ಟುಡ್‌ಸ್ಯಾಟ್ 2010ರ ಜುಲೈ 12ರಂದು ಪಿಎಸ್‌ಎಲ್‌ವಿ-ಸಿ15 ರಾಕೆಟ್ಟಿನಲ್ಲಿ ಆಕಾಶಕ್ಕೆ ಹೋಗಿದೆ. ಒಂದು ಕಿಲೋ ಕೂಡ ತೂಗದ ಉಪಗ್ರಹಕ್ಕೆ ಏಳು ಕಾಲೇಜು ಕೈ ಜೋಡಿಸಬಹುದಾದರೆ ಒಂದು ಡೈ ಕೇಳಲು ನಮಗೇನು ರೋಗ? ಫೋನ್ ಮಾಡಿದೆ, ಕೊಟ್ಟರು. ನಾವು ಅವರಿಗೆ ಒಂದು ಹಳೆ ಮಹೀಂದ್ರ ಆಲ್ಫಾ ಗೇರ್‌ಬಾಕ್ಸ್ ಕೊಟ್ಟೆವು.

ಕೆಲಸದ ಪಟ್ಟಿ ಹಾಕುವಾಗ ಕಂಪ್ಯೂಟರ್ ಚಾರ್ಟಿಗಿಂತ ಗೋಡೆಯ ಕ್ಯಾಲೆಂಡರ್ ಮುಖ್ಯ. ಆಗಸ್ಟಿನಿಂದ ಡಿಸೆಂಬರ್ ಗಾಡಿ ಕಟ್ಟುವ ಕಾಲ. ಬೆಳಗಾವಿಯಲ್ಲಿ ಗಣೇಶ ಹಬ್ಬ ಅಂದರೆ ಒಂದು ದಿನದ್ದಲ್ಲ, ವಿಸರ್ಜನೆವರೆಗೆ ಊರು ಬೇರೆಯೇ ಲೋಕದಲ್ಲಿ ಇರುತ್ತದೆ. ಅದು ಮುಗಿಯಿತು ಅನ್ನುವಷ್ಟರಲ್ಲಿ ನವರಾತ್ರಿಯ ಖಂಡೇ ಪೂಜೆ. ಲೇತಿಗೆ ಹೂವು ಏರಿದ ಮೇಲೆ ಯಾರೂ ಅದನ್ನು ಮುಟ್ಟುವುದಿಲ್ಲ. ಆಮೇಲೆ ದೀಪಾವಳಿ, ಕೆಲಸಗಾರರು ಊರಿಗೆ ಹೋದವರು ಬೇಗ ಬರುವುದಿಲ್ಲ. ಹೊರಗೆ ಮಾಡಿಸುವ ಕೆಲಸ ಪೂರ್ತಿ ಗಣೇಶ ಚೌತಿಗೆ ಮೊದಲೇ ಅಂಗಡಿ ಸೇರಬೇಕು, ನಮ್ಮ ಕೈಯಲ್ಲಿ ಆಗುವ ವೆಲ್ಡಿಂಗ್ ಹಬ್ಬದ ದಿನಗಳಿಗೆ. ಇಂಟರ್ನಲ್ಸ್ ವಾರದಲ್ಲಿ ಸ್ಟೋರ್ ರೂಮಿಗೆ ನಾನೇ ಬೀಗ ಹಾಕುತ್ತಿದ್ದೆ. ನಮ್ಮ ವಿಶ್ವವಿದ್ಯಾಲಯ ವಿಟಿಯುನಲ್ಲಿ ಹಾಜರಾತಿ 85% ಇರಬೇಕು. ಒಬ್ಬ ಟೀಮಿನಿಂದಾಗಿ ಶಾರ್ಟೇಜ್ ಆದ ಅಂತ ಸುದ್ದಿಯಾದರೆ ಮುಂದಿನ ವರ್ಷ ಯಾವ ಲೆಕ್ಚರರೂ ಅಟೆಂಡೆನ್ಸ್ ಪತ್ರಕ್ಕೆ ಸಹಿ ಹಾಕುವುದಿಲ್ಲ.

ಸಾಗಣೆ ಬಗ್ಗೆ ಸ್ವಲ್ಪ. ಪುಣೆ ಮೇಲೆ ಪೀಥಂಪುರಕ್ಕೆ ಹೋಗುವ ಲಾರಿಯವರು ₹50,000 ದಾಟಿದ ಸರಕು ಅಂದರೆ ಇ-ವೇ ಬಿಲ್ (ಸರಕು ಸಾಗಿಸಲು ಜಿಎಸ್‌ಟಿಯಲ್ಲಿ ಬೇಕಾದ ಕಾಗದ) ಕೇಳುತ್ತಾರೆ. ಅಕೌಂಟ್ಸ್ ಸೆಕ್ಷನ್‌ನವರ ಹತ್ತಿರ ಮೊದಲೇ ಮಾತಾಡಿ, 'ಮಾರಾಟಕ್ಕಲ್ಲ, ಸ್ಪರ್ಧೆಗೆ, ವಾಪಸ್ ಬರುತ್ತದೆ' ಅನ್ನುವ ಪ್ರಿನ್ಸಿಪಾಲರ ಪತ್ರ, ಡೆಲಿವರಿ ಚಲನ್ ಎರಡನ್ನೂ ಡ್ರೈವರ್ ಕೈಗೆ ಕೊಡಬೇಕು. ಸ್ಪರ್ಧೆಯ ಬಗ್ಗೆ ನಾನು ಹೇಳುವುದು ಕಮ್ಮಿ. ಟೆಕ್ನಿಕಲ್ ಇನ್‌ಸ್ಪೆಕ್ಷನ್ ಪಾಸಾಯಿತು, ಎಂಡ್ಯೂರೆನ್ಸ್‌ನಲ್ಲಿ ಕೊನೆಯವರೆಗೂ ಗಾಡಿ ಓಡಿತು, ಕಪ್ ಬರಲಿಲ್ಲ.

ವಾಪಸ್ ಬಂದ ಮೇಲೆ ಒಂದು ಕೆಲಸ ಉಳಿದಿತ್ತು, ಗಾಡಿ ಬಿಚ್ಚುವುದು. ಮುಂದಿನ ಟೀಮಿಗೆ ಇಂಜಿನ್, ಗೇರ್‌ಬಾಕ್ಸ್, ಬ್ರೇಕ್, ಚಕ್ರ ಎಲ್ಲ ಬೇಕು. ಒಂದೊಂದಕ್ಕೂ ಚೀಟಿ ಅಂಟಿಸಿ, ಎಲ್ಲಿ ಕೊಂಡದ್ದು, ಎಷ್ಟಕ್ಕೆ, ಎಷ್ಟು ಸವೆದಿದೆ ಅಂತ ರಿಜಿಸ್ಟರಿನಲ್ಲಿ ಬರೆದು ಎರಡನೇ ವರ್ಷದವರಿಗೆ ಕೊಟ್ಟೆವು. ಜೊತೆಗೆ ಅಂಗಡಿಗಳ ಪಟ್ಟಿ: ಯಾರ ಹತ್ತಿರ ಯಾವ ಕೆಲಸ, ಯಾರು ಹೇಳಿದ ದಿನಕ್ಕೆ ಕೊಡುತ್ತಾರೆ, ಯಾರಿಗೆ ಮುಂಗಡ ಕೊಡಬಾರದು. ಆದರೆ ಪ್ರಿನ್ಸಿಪಾಲರಿಗೆ ಗಾಡಿ ಕಾಲೇಜಿನ ಮುಂದೆ ನಿಲ್ಲಬೇಕು. ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್ ಕಮಿಟಿ ಬರುವುದಿತ್ತು. ಎರಡು ದಿನ ಮಾತುಕತೆ ನಡೆದು ರಾಜಿಯಾಯಿತು. ಒಳಗಿನದ್ದೆಲ್ಲ ನಮಗೆ, ಬಣ್ಣ ಬಳಿದ ಖಾಲಿ ಕೇಜ್ ಅವರಿಗೆ. ಚಕ್ರ ಇಲ್ಲದೆ ಚೆನ್ನಾಗಿ ಕಾಣಲ್ಲ ಅಂದಿದ್ದಕ್ಕೆ ಗುಜರಿಯಿಂದ ನಾಲ್ಕು ಹಳೆ ಆಟೊ ಟೈರ್ ತಂದು ಜೋಡಿಸಿದೆವು. ಅದಕ್ಕೂ ಪಕ್ಕಾ ಬಿಲ್ ತಂದಿದ್ದೆ.