ಕುಕ್ಕರ್ ಕೂಗುವವರೆಗೆ ಓಟ

ನಮ್ಮ ಮಲೆನಾಡಿನ ಸಾಗರ ಊರಲ್ಲಿ ಜೂನ್‌ನಲ್ಲಿ ಮಳೆ ಹಿಡಿದರೆ ಸೆಪ್ಟೆಂಬರ್‌ವರೆಗೂ ಮಕ್ಕಳನ್ನು ಅಂಗಳಕ್ಕೆ ಬಿಡುವುದು ಕಷ್ಟ. ನಮ್ಮದು ಮಹಡಿ ಮೇಲಿನ ಬಾಡಿಗೆ ಮನೆ. ದೊಡ್ಡವಳಿಗೆ ಏಳು, ಚಿಕ್ಕವನಿಗೆ ನಾಲ್ಕು. ಹೋದ ಮಳೆಗಾಲದಲ್ಲಿ ಇಬ್ಬರೂ ಸೋಫಾ ಬಿಟ್ಟು ಏಳಲಿಲ್ಲ. ರಾತ್ರಿ ಹನ್ನೊಂದಾದರೂ ನಿದ್ದೆ ಇಲ್ಲ. ಈ ವರ್ಷ ಒಂಬತ್ತೂವರೆಗೆ ತಾವಾಗಿಯೇ ಮಲಗುತ್ತಾರೆ. "ಮನೆಯೊಳಗೆ ಮಕ್ಕಳಿಗೆ ವ್ಯಾಯಾಮವಾ? ಆಗೋ ಮಾತಲ್ಲ ಬಿಡೇ" ಅಂದಿದ್ದ ನಮ್ಮ ಅಕ್ಕ ಹೋದ ವಾರ ಬಂದು, ಏನು ಮಾಡ್ತೀಯ ಅಂತ ಎಲ್ಲ ಬರೆದುಕೊಂಡು ಹೋದಳು. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಮೊದಲು ದುಡ್ಡು ಕಳೆದ ಕಥೆ. ಐದು ದಾಟಿದ ಮಕ್ಕಳಿಗೆ ದಿನಕ್ಕೆ 60 ನಿಮಿಷ, ಮೂರು ನಾಲ್ಕು ವರ್ಷದವರಿಗೆ ಇಡೀ ದಿನದ್ದು ಸೇರಿ 180 ನಿಮಿಷ ಮೈ ಆಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದಲ್ವಾ, ಆ 180 ನೋಡಿ ಗಾಬರಿಯಾದೆ. ಸುಮಾರು ನಾಲ್ಕು ಸಾವಿರ ಕೊಟ್ಟು ಸಣ್ಣ ಟ್ರ್ಯಾಂಪೊಲಿನ್ ತಂದೆ. ಮೂರು ವಾರ ಕುಣಿದರು. ಆಮೇಲೆ ಕೆಳಗಿನ ಮನೆಯ ಓನರ್ ಅಜ್ಜ ಬಂದು, "ಮೇಲೆ ಭತ್ತ ಕುಟ್ಟುತ್ತಿದ್ದೀರೇನಮ್ಮಾ?" ಅಂದರು. ಒಂದೂವರೆ ಸಾವಿರಕ್ಕೆ ಮಾರಿದೆ. ಆನ್‌ಲೈನ್ ಕ್ಲಾಸಿಗೆ ತಿಂಗಳಿಗೆ ಸಾವಿರದ ಎಂಟುನೂರು ಕಟ್ಟಿದೆ. ಟೀಚರ್ ಕುಣಿಯುತ್ತಿದ್ದರು, ಇವರಿಬ್ಬರೂ ಕೂತು ನೋಡುತ್ತಿದ್ದರು.

ಸ್ಟಿಕ್ಕರ್ ಚಾರ್ಟ್ ಇನ್ನೂ ಕೆಟ್ಟದ್ದು. ಹತ್ತು ಸ್ಟಿಕ್ಕರಿಗೆ ಒಂದು ಚಾಕೊಲೇಟ್ ಅಂದಿದ್ದೆ. ಹನ್ನೊಂದನೇ ದಿನ ಮಗಳು, "ಇವತ್ತು ಹತ್ತು ಸಲ ಹಾರಿದ್ರೆ ಎಷ್ಟು ಕೊಡ್ತೀಯ?" ಅಂತ ಚೌಕಾಸಿಗೆ ಇಳಿದಳು. ಆ ಮಾತು ನನಗೆ ತುಂಬಾ ಚುಚ್ಚಿತು. ಆವತ್ತೇ ಚಾರ್ಟ್ ಹರಿದು ಹಾಕಿದೆ.

ದಾರಿ ಸಿಕ್ಕಿದ್ದು ಅಡುಗೆಮನೆಯಲ್ಲಿ. ಚಿಕ್ಕವನಿಗೆ ಕುಕ್ಕರ್ ಕೂಗಿದರೆ ಹೆದರಿಕೆ. ಒಂದು ಸಂಜೆ ಅದು ಕೂಗಿದ್ದೇ ತಡ, ಅವನು ಕೋಣೆಗೆ ಓಡಿ ಕಂಬಳಿ ಹೊದ್ದುಕೊಂಡ. ಮಗಳು ನಗುತ್ತಾ ಹಿಂದೆ ಓಡಿದಳು. ಮರುದಿನ ನಾನೇ ಹೇಳಿದೆ: ಕುಕ್ಕರ್ ಅಂದರೆ ಹುಲಿ, ಹಾಲ್ ಅಂದರೆ ಕಾಡು. ಹುಲಿ ಕೂಗುವವರೆಗೆ ಕಾಡಲ್ಲಿ ತಿರುಗಬೇಕು, ನಿಲ್ಲುವ ಹಾಗಿಲ್ಲ. ಕೂಗಿದ ತಕ್ಷಣ ಕಂಬಳಿ ಮೇಲೆ ಇರಬೇಕು. ಒಂದು ದಿನ ಏಡಿ ಥರ, ಒಂದು ದಿನ ಆನೆ ಥರ, ಒಂದು ದಿನ ಹಾವಿನ ಥರ ತೆವಳಿ. ಕಪ್ಪೆ ಜಿಗಿತ ಮಾತ್ರ ನಾಲ್ಕು ಮಡಿಕೆ ಕಂಬಳಿ ಮೇಲೆ, ಅಜ್ಜನಿಗೆ ಸದ್ದು ಕೇಳಬಾರದು. ಅಡುಗೆಮನೆ ಬಾಗಿಲಿಗೆ ಕೆಂಪು ಟೇಪ್ ಅಂಟಿಸಿದ್ದೇನೆ. ಅದನ್ನು ದಾಟಿದರೆ ಆವತ್ತಿಗೆ ಆಟ ಬಂದ್. ಇದರಲ್ಲಿ ನಾನು ಒಂದು ದಿನವೂ ಸಡಿಲ ಬಿಟ್ಟಿಲ್ಲ.

ಅನ್ನ, ಬೇಳೆ ಇಟ್ಟು ಮೂರು ಕೂಗು ಬರುವಷ್ಟರಲ್ಲಿ ಹದಿನೈದು ನಿಮಿಷ ಆಗುತ್ತದೆ. ಕಡಲೆಕಾಳು ಇಟ್ಟರೆ ಅರ್ಧ ಗಂಟೆಯ ಹತ್ತಿರ. ಈಗ ಮಕ್ಕಳೇ, "ಅಮ್ಮಾ, ಇವತ್ತು ಕಡಲೆ ನೆನೆ ಹಾಕು" ಅನ್ನುತ್ತಾರೆ. ಉಸಲಿ ಮುಟ್ಟದವರು ಬಟ್ಟಲು ಖಾಲಿ ಮಾಡುತ್ತಾರೆ.

ಮೊಬೈಲ್ ಟೈಮರ್ ಇಟ್ಟೂ ನೋಡಿದೆ, ನಡೆಯಲಿಲ್ಲ. ಅಂಕಿ ನೋಡುತ್ತಾ ಕೊನೆಯ ಹತ್ತು ಸೆಕೆಂಡ್ ಕಂಬಳಿ ಪಕ್ಕದಲ್ಲೇ ಕಾದು ನಿಂತರು. ಹುಲಿ ಯಾವಾಗ ಕೂಗುತ್ತದೆ ಅಂತ ಗೊತ್ತಿಲ್ಲದಿರುವುದರಲ್ಲೇ ಇದರ ಮಜಾ ಇರುವುದು. ನಾನು ಆ ಕೂಗನ್ನು ಸ್ವಲ್ಪ ಹಿಂದೆ ಮುಂದೆ ಮಾಡುತ್ತೇನೆ. ಹೇಗೆ ಅಂತ ಇಲ್ಲಿ ಬರೆಯುವುದಿಲ್ಲ. ಮಗಳಿಗೆ ಈಗ ಚೆನ್ನಾಗಿ ಓದಲು ಬರುತ್ತದೆ.

ಅತ್ತೆ ಮನೆಯಿಂದ ಮೂರು ಅಡಿಕೆ ಹಾಳೆ ತಂದಿದ್ದೆ. ಒಬ್ಬರು ಕೂರುವುದು, ಒಬ್ಬರು ಎಳೆಯುವುದು, ನಾವೆಲ್ಲ ಆಡಿದ್ದೇ. ಆದರೆ ನಮ್ಮ ಹಾಲ್‌ನದು ಕೆಂಪು ಗಾರೆ ನೆಲ, ನುಣ್ಣಗಿದೆ. ಎರಡನೇ ಸುತ್ತಿಗೇ ಹಾಳೆ ಜಾರಿ ಚಿಕ್ಕವನ ಹಣೆ ಬಾಗಿಲ ಚೌಕಟ್ಟಿಗೆ ಬಡಿಯಿತು. ಊದಿಕೊಂಡಿತು. ತಪ್ಪು ನನ್ನದೇ, ಮೊದಲೇ ನೋಡಬೇಕಿತ್ತು. ಹಾಳೆ ತೆಗೆದು ಗೋಣಿಚೀಲ ಹಾಕಿದೆ. ಗೋಣಿ ಜಾರುವುದಿಲ್ಲ, ಬಿಗಿಯಾಗಿ ಎಳೆಯಬೇಕು. ಚಿಕ್ಕವನು ಹದಿನೈದು ಕೆ.ಜಿ. ಇದ್ದಾನೆ. ಅವನನ್ನು ಹಾಲ್‌ನಲ್ಲಿ ನಾಲ್ಕು ಸಲ ಆ ಕಡೆಯಿಂದ ಈ ಕಡೆಗೆ ಎಳೆದರೆ ಮಗಳ ಬೆನ್ನು ಬೆವರುತ್ತದೆ. ಅವನ ಸರದಿ ಬಂದಾಗ ಚೀಲದಲ್ಲಿ ಐದು ಕೆ.ಜಿ. ಅಕ್ಕಿ. ಟ್ರ್ಯಾಂಪೊಲಿನ್‌ಗಿಂತ ಇದು ಎಷ್ಟೋ ವಾಸಿ, ಖರ್ಚೂ ಇಲ್ಲ.

ನನಗೆ ತುಂಬಾ ಇಷ್ಟವಾದದ್ದು ಗೆಜ್ಜೆ ಆಟ. ಕಾಲಿಗೆ ಗೆಜ್ಜೆ ಕಟ್ಟಿಕೊಂಡು ಮುಂಬಾಗಿಲಿಂದ ದೇವರ ಕೋಣೆವರೆಗೆ ಸದ್ದಾಗದ ಹಾಗೆ ನಡೆಯಬೇಕು. ಗೆಜ್ಜೆ ಘಲ್ ಅಂದರೆ ಮತ್ತೆ ಮೊದಲಿನಿಂದ. ಚಿಕ್ಕವನಿಗೆ ಎರಡು ಮೂರು ನಿಮಿಷ ಬೇಕು, ಉಸಿರು ಬಿಗಿ ಹಿಡಿದು ತುದಿಗಾಲಲ್ಲಿ ಹೋಗುತ್ತಾನೆ. ಮೊದಮೊದಲು ಒಂಟಿ ಕಾಲಲ್ಲಿ ಎಣಿಸಿ ಮೂರರವರೆಗೂ ನಿಲ್ಲಲಾಗದವನು ಈಗ ಹತ್ತರವರೆಗೆ ನಿಲ್ಲುತ್ತಾನೆ. ಓನರ್ ಅಜ್ಜನಿಗೂ ಈ ಆಟವೇ ಇಷ್ಟ.

ಸೂರ್ಯನಮಸ್ಕಾರ ಎರಡನೇ ಸುತ್ತು ದಾಟಲೇ ಇಲ್ಲ. "ಎಕ್ಸರ್‌ಸೈಜ್ ಮಾಡೋಣ ಬನ್ನಿ" ಅಂದ ದಿನವೆಲ್ಲ ಹೊಟ್ಟೆನೋವು ಬಂತು. ಆ ಪದವನ್ನು ಮನೆಯಲ್ಲಿ ಬಿಟ್ಟೇಬಿಟ್ಟೆವು. ಮತ್ತೆ, ದೊಡ್ಡವರು ಸುಮ್ನೆ ಕೂತು ಆಡಿ ಆಡಿ ಅಂದರೆ ಐದು ನಿಮಿಷಕ್ಕೆ ಎಲ್ಲ ಮುಗಿಯುತ್ತದೆ. ನಮ್ಮವರು ಕೆಲಸ ಮುಗಿಸಿ ಬಂದು ಆನೆ ನಡಿಗೆ ನಡೆಯುತ್ತಾರೆ. ಅವರಿದ್ದ ದಿನ ಆಟ ಡಬ್ಬಲ್ ಹೊತ್ತು ನಡೆಯುತ್ತದೆ.

ಈಗ ತೆಂಗಿನ ಚಿಪ್ಪಿಗೆ ಹಗ್ಗ ಕಟ್ಟಿ ಅದರ ಮೇಲೆ ನಡೆಸುವ ಪ್ರಯತ್ನ. ತೂತು ಕೊರೆಯುವಾಗ ಎರಡು ಒಡೆದವು. ಮೂರನೇ ಜೋಡಿಯ ಅಂಚಿಗೆ ಸದ್ದಾಗದಿರಲಿ ಅಂತ ಹಳೆ ಸೈಕಲ್ ಟ್ಯೂಬ್ ಕತ್ತರಿಸಿ ಅಂಟಿಸಿದ್ದೇನೆ. ಈ ಮಳೆಗೆ ಅಂಟು ಒಣಗುತ್ತಿಲ್ಲ. ಚಿಕ್ಕವನು ಬೆಳಿಗ್ಗೆಯಿಂದ ನಾಲ್ಕು ಸಲ ಮುಟ್ಟಿ ನೋಡಿ ಬಂದ.